ಗಬ್ಬ ನಿಲ್ಲದ ಆಕಳು: ದೋಷ ರಕ್ತದಲ್ಲೋ, ಕೊಟ್ಟಿಗೆಯಲ್ಲೋ?

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಗಬ್ಬದ ತಕರಾರಿನವೇ. ‘ವಂಶದ ದೋಷ’, ‘ಜೀನ್ ಪ್ರಾಬ್ಲಮ್’ ಎಂಬ ಮಾತುಗಳು ಈಗ ಹಾಲಿನ ಡೇರಿಯ ಕಟ್ಟೆಗೂ ಬಂದಿವೆ. ಮಾತು ಸುಳ್ಳಲ್ಲ. ಆದರೆ ಅದು ಯಾವ ಆಕಳಿಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ತಿಳಿಯದೆ ಒಳ್ಳೆಯ ಆಕಳನ್ನು ಸಂತೆಗೆ ಹೊಡೆಯುವವರೂ ಇದ್ದಾರೆ.

ಪ್ರಶ್ನೆ: ಡಾಕ್ಟರೇ, ನಮ್ಮದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಕ್ರಾಸ್ ಆಕಳು, ಎರಡನೇ ಸೂಲು. ಈದು ಏಳು ತಿಂಗಳಾಯಿತು, ನಾಲ್ಕು ಸಲ ಸೂಜಿ (ಕೃತಕ ಗರ್ಭಧಾರಣೆ) ಮಾಡಿಸಿದೆವು. ಪ್ರತಿ ಸಲ ನಿಂತಿತು ಅಂದುಕೊಳ್ಳುವಷ್ಟರಲ್ಲಿ 40–45 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಗರ್ಭಕೋಶ ಚೆನ್ನಾಗಿದೆ ಎಂದು ಪಶುವೈದ್ಯರು ಹೇಳಿದರು. ವಂಶದ ದೋಷ, ಮಾರಿಬಿಡಿ ಅನ್ನುತ್ತಾರೆ ಮಂದಿ. ನಿಜವೇ?
— ಸಿಂಧನೂರು ತಾಲ್ಲೂಕು

ಉತ್ತರ: ಸದ್ಯಕ್ಕೆ ಮಾರಬೇಡಿ. ಮೊದಲು ಆ 40–45 ಎಂಬ ಲೆಕ್ಕವನ್ನು ಒಡೆದು ನೋಡೋಣ. ಆಕಳ ಬೆದೆ 18ರಿಂದ 24 ದಿನಕ್ಕೊಮ್ಮೆ, ಸರಾಸರಿ 21. ಅದರ ಎರಡು ಪಟ್ಟು 42. ಅಂದರೆ ನಿಮ್ಮ ಆಕಳು 21ನೇ ದಿನಕ್ಕೇ ಬೆದೆಗೆ ಬಂದು, ಅದು ನಿಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು. ಬೇಸಿಗೆಯಲ್ಲಿ ನಿಮ್ಮ ಸೀಮೆಯ ಬಿಸಿಲಿಗೆ ಬೆದೆ ಎಂಟ್ಹತ್ತು ತಾಸಿಗೇ ಮುಗಿದುಹೋಗುತ್ತದೆ, ಅದೂ ಹೆಚ್ಚಾಗಿ ರಾತ್ರಿ. ಹಾಗಿದ್ದರೆ ಗಬ್ಬ ನಿಂತೇ ಇರಲಿಲ್ಲ ಎಂದಾಯಿತು.

ಇನ್ನೊಂದು ದಾರಿ ಹೀಗೆ: ಗಬ್ಬ ನಿಂತಿತ್ತು, ಪಿಂಡ ಒಳಗೇ ಸತ್ತಿತು. 15–17ನೇ ದಿನದ ಸುಮಾರಿಗೆ ಪಿಂಡವು ‘ನಾನಿದ್ದೇನೆ’ ಎಂಬ ಸುದ್ದಿಯನ್ನು ತಾಯಿಯ ಮೈಗೆ ಮುಟ್ಟಿಸುತ್ತದೆ. ಅದಕ್ಕೂ ಮೊದಲೇ ಸತ್ತರೆ ಬೆದೆ ಎಂದಿನಂತೆ 21ಕ್ಕೇ ಬರುತ್ತದೆ, ಏನೂ ಆಗಿಲ್ಲವೆಂಬಂತೆ. ಸುದ್ದಿ ಮುಟ್ಟಿದ ಮೇಲೆ ಸತ್ತರೆ ಮಾತ್ರ ಬೆದೆ ಮುಂದೆ ಹೋಗುತ್ತದೆ: 28, 35, 50, ಲೆಕ್ಕವಿಲ್ಲದ ದಿನಗಳು.

ಇವೆರಡರಲ್ಲಿ ಯಾವುದು ಎಂದು ತಿಳಿಯಲು ಮುಂದಿನ ಸೂಜಿಯ ನಂತರ 18ರಿಂದ 24ನೇ ದಿನದವರೆಗೆ ನಸುಕಿಗೊಮ್ಮೆ, ಸಂಜೆಗೊಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಆಕಳ ಹಿಂದೆ 20 ನಿಮಿಷ ನಿಲ್ಲಿ. ಬಾಲದ ಬುಡಕ್ಕೆ ಒಣಗಿ ಅಂಟಿದ ಲೋಳೆ, ಮಲಗಿದ ಜಾಗದಲ್ಲಿ ಮೊಟ್ಟೆಯ ಬಿಳಿಯಂತೆ ಹೊಳೆಯುವ ಕಲೆ, ಒಮ್ಮೆಲೇ ಇಳಿದ ಹಾಲು ಇವನ್ನು ಹುಡುಕಿ. 28–30ನೇ ದಿನಕ್ಕೆ ಅಲ್ಟ್ರಾಸೌಂಡ್ ಇರುವ ಕಡೆ ನೋಡಿಸಿದರೆ ಪಿಂಡದ ಎದೆಬಡಿತವೇ ಕಾಣುತ್ತದೆ. ಆ ದಿನ ಕಂಡು, 45ಕ್ಕೆ ಬೆದೆಗೆ ಬಂದರೆ ಆಗ ‘ಪಿಂಡ ಸತ್ತಿತು’ ಎನ್ನಲು ಆಧಾರ ಸಿಕ್ಕಿತು.

ಆಧಾರ ಸಿಕ್ಕರೂ ಅದು ವಂಶದ ದೋಷವೇ ಆಗಬೇಕಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. ಗಬ್ಬ ಕೆಡಿಸುವ ಇಂಥ ದೋಷಗಳು ಹೆಚ್ಚಾಗಿ ಅಡಗಿರುವ ಬಗೆಯವು. ಶಾಲೆಯ ಪುಸ್ತಕದಲ್ಲಿ ಇದನ್ನೇ ದುರ್ಬಲ ಗುಣ ಎನ್ನುವುದು. ಪ್ರತಿ ಜೀನ್ ಜೋಡಿಯಲ್ಲಿರುತ್ತದೆ, ತಾಯಿಯದೊಂದು, ತಂದೆಯದೊಂದು. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಬಂಡಿ ಎಳೆಯುತ್ತದೆ. ನೋಡಿದವರಿಗೆ ಕುಂಟು ಗೊತ್ತೇ ಆಗುವುದಿಲ್ಲ. ಅಂಥ ಒಂದು ಕುಂಟು ಜೀನ್ ಇಟ್ಟುಕೊಂಡ ದನಕ್ಕೆ ‘ವಾಹಕ’ ಎನ್ನುತ್ತಾರೆ. ವಾಹಕ ಹೋರಿ, ವಾಹಕ ಆಕಳು ಕೂಡಿದಾಗ ನಾಲ್ಕರಲ್ಲಿ ಒಂದು ಪಿಂಡಕ್ಕೆ ಎರಡೂ ಕುಂಟು ಬಂದು ಅದು ಸಾಯುತ್ತದೆ, ಎರಡು ಪಿಂಡ ವಾಹಕ, ಒಂದು ಪೂರ್ತಿ ಶುದ್ಧ. ಅಂದರೆ ಜೋಡಿ ಎಷ್ಟೇ ಕೆಟ್ಟದಾಗಿ ಬಿದ್ದರೂ ನಾಲ್ಕರಲ್ಲಿ ಮೂರು ಗಬ್ಬ ಉಳಿಯಬೇಕು. ಸತತ ನಾಲ್ಕೂ ಈ ಒಂದೇ ಕಾರಣಕ್ಕೆ ಹೋಗುವ ಸಾಧ್ಯತೆ 256ರಲ್ಲಿ 1, ಅದೂ ನಾಲ್ಕೂ ಸಲ ವಾಹಕ ಹೋರಿಯ ಸ್ಟ್ರಾನೇ (ವೀರ್ಯ ತುಂಬಿದ ನಳಿಕೆ) ಬಿದ್ದಿದ್ದರೆ. ಒಂದೇ ಆಕಳು ನಾಲ್ಕು ಸಲ ತಿರುಗಿದರೆ ಜೀನ್ ಮೇಲೆ ಅನುಮಾನ ಕಡಿಮೆಯಾಗಬೇಕೇ ಹೊರತು ಹೆಚ್ಚಾಗಬಾರದು.

ಹಾಗಾದರೆ ಏನು? ಸಿಂಧನೂರು ಕಡೆ ನಾವು ಮೊದಲು ನೋಡುವುದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಕಾಲುವೆ ನೀರಿನ ಊರುಗಳಲ್ಲಿ ವರ್ಷವಿಡೀ ನೆಲ್ಲು ಹುಲ್ಲೇ ಮೇವು. ಅದರಲ್ಲಿ ರಂಜಕ ಬಹಳ ಕಡಿಮೆ, ಇರುವ ಸುಣ್ಣದ ಅಂಶವನ್ನೂ ಆಕ್ಸಲೇಟ್ ಹಿಡಿದುಕೊಳ್ಳುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಿಂಡಿಯಲ್ಲಿ ಕಲಸಿ ಕೊಡಿ, ಎರಡು ತಿಂಗಳು ತಪ್ಪಿಸಬೇಡಿ. ಮುಷ್ಟಿ ಲೆಕ್ಕದಲ್ಲಿ ಹಾಕಿದರೆ ಒಂದು ದಿನ 20 ಗ್ರಾಂ, ಇನ್ನೊಂದು ದಿನ 100 ಆಗುತ್ತದೆ. ಒಮ್ಮೆ ತೂಗಿ, ಅಷ್ಟು ಹಿಡಿಯುವ ಡಬ್ಬಿಯ ಮುಚ್ಚಳ ಗೊತ್ತುಮಾಡಿಕೊಳ್ಳಿ. ಹುಲ್ಲಿನ ಜೊತೆ ಜೋಳದ ಸೊಪ್ಪೆ, ಸ್ವಲ್ಪ ಹಸಿ ಮೇವು ಸೇರಲಿ. ಬೆದೆ ಬೆಳಿಗ್ಗೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಲೋಳೆ ಕನ್ನಡಿಯಂತೆ ತಿಳಿಯಾಗಿರದೆ ಬಿಳಿ ಎಳೆ ಕಂಡರೆ ಒಳಗೆ ಸೋಂಕಿದೆ. ಆ ಬೆದೆಗೆ ಸೂಜಿ ಬೇಡ, ಚಿಕಿತ್ಸೆ ಮೊದಲು.

ಜೀನ್ ಎಲ್ಲಿ ಕಾಣುತ್ತದೆ ಎಂದರೆ ಆಕಳಲ್ಲಲ್ಲ, ಹೋರಿಯ ಲೆಕ್ಕದಲ್ಲಿ. ಒಂದೇ ಹೋರಿಯ ಸ್ಟ್ರಾ ಊರಿನ ನೂರಾರು ಆಕಳಿಗೆ ಬಿದ್ದಿದ್ದರೆ ಆ ಸೂಜಿಗಳ ದಾಖಲೆ ಪುಸ್ತಕ ಮಾತಾಡುತ್ತದೆ. ಅದಕ್ಕೇ ಒಂದು ಕೆಲಸ ಮಾಡಿ: ಸೂಜಿ ಆದ ಮೇಲೆ ಖಾಲಿ ಸ್ಟ್ರಾ ಕೇಳಿ ಇಸಿದುಕೊಳ್ಳಿ. ಅದರ ಮೈಮೇಲೆ ಹೋರಿಯ ನಂಬರು, ತಳಿ, ವೀರ್ಯ ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಸೋಪಿನ ನೀರಲ್ಲಿ ತೊಳೆದು ಒರೆಸಿ ನೋಟ್‌ಬುಕ್ಕಿನ ಹಾಳೆಗೆ ಸೆಲ್ಲೋಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಆಕಳ ಕಿವಿಯೋಲೆಯ 12 ಅಂಕಿ, ತಾರೀಖು, ಬೆದೆ ಕಂಡ ಹೊತ್ತು ಬರೆಯಿರಿ. ಸ್ಟ್ರಾದ ಬಣ್ಣ ನೋಡಿ ನೆನಪಿಟ್ಟುಕೊಂಡರೆ ಸಾಲದು; ಬಣ್ಣ ಹೇಳುವುದು ತಳಿಯನ್ನು, ಹೋರಿಯನ್ನಲ್ಲ.

ಪ್ರಶ್ನೆ: ಹಾಲಿಗೆ ಹೆಸರಾದ, ಆಯ್ದು ತಂದ ಹೋರಿಯಲ್ಲೂ ಪಿಂಡ ಸಾಯಿಸುವ ದೋಷ ಇರುತ್ತದೆಯೇ? ಇದ್ದರೆ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೇಕೆ?
— ಗಂಗಾವತಿ

ಉತ್ತರ: ಹೆಸರಾದ ಹೋರಿಯಲ್ಲೇ ಇರುವುದು ಹೆಚ್ಚು ಅಪಾಯ. ಹೆಸರಿಲ್ಲದ ಹೋರಿಯ ದೋಷ ಅದರ ಊರಿನಲ್ಲೇ ಮುಗಿಯುತ್ತದೆ.

1962ರಲ್ಲಿ ಅಮೆರಿಕದಲ್ಲಿ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಹೆಣ್ಣು ಮಕ್ಕಳು 16,000, ಮೊಮ್ಮಕ್ಕಳು 5 ಲಕ್ಷ, ಮರಿಮಕ್ಕಳು 20 ಲಕ್ಷಕ್ಕೂ ಮೇಲೆ. ಅದರ ಎಪಿಎಎಫ್1 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಗರ್ಭದಲ್ಲಿ ಅಂಗಗಳು ಮೂಡುವಾಗ ಬೇಡದ ಜೀವಕೋಶಗಳನ್ನು ತೆಗೆದುಹಾಕುವ ಕೆಲಸಕ್ಕೆ ಬೇಕಾದ ಜೀನ್ ಅದು. ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ಚೀಫ್‌ನ ಆ ತಪ್ಪೇ ಬಂದರೆ ಪಿಂಡ ಉಳಿಯುವುದಿಲ್ಲ. ತಪ್ಪು ಯಾವ ಅಕ್ಷರದಲ್ಲಿ ಎಂದು 2016ರಲ್ಲಿ ಪತ್ತೆಯಾದಾಗ ವಿಜ್ಞಾನಿಗಳು ಲೆಕ್ಕ ಹಾಕಿದರು: 35 ವರ್ಷಗಳಲ್ಲಿ ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗಬ್ಬ ಹೋಗಿವೆ, ನಷ್ಟ ಸುಮಾರು 42 ಕೋಟಿ ಡಾಲರ್. ಅದೇ ಹೋರಿಯ ಉಳಿದ ಜೀನ್‌ಗಳಿಂದ ಹೆಚ್ಚಿದ ಹಾಲಿನ ಬೆಲೆ ಸುಮಾರು 3,000 ಕೋಟಿ ಡಾಲರ್ ಎಂದೂ ಅವರೇ ಅಂದಾಜು ಮಾಡಿದ್ದಾರೆ. ಚೀಫ್ ಬೇಡವಾಗಿತ್ತು ಎನ್ನಲು ಈ ಲೆಕ್ಕದಲ್ಲಿ ಜಾಗವಿಲ್ಲ. ಚೀಫ್‌ನ ಮೊಮ್ಮಗನನ್ನು ಚೀಫ್‌ನ ಮೊಮ್ಮಗಳಿಗೆ ಕೂಡಿಸಿದ್ದೇ ತಪ್ಪು.

ಇಷ್ಟು ವರ್ಷ ಗೊತ್ತಾಗದ ಕಾರಣ ಲೆಕ್ಕದಲ್ಲೇ ಇದೆ. ನೂರು ಸೂಜಿಗೆ 40 ನಿಲ್ಲುವ ಕಡೆ ವಾಹಕ ಹೋರಿ ಬಂತು ಎನ್ನಿ. ಆಕಳುಗಳಲ್ಲಿ ನೂರಕ್ಕೆ 10 ವಾಹಕ. ಆಗ ನಿಲ್ಲುವುದು 40ರ ಬದಲು 39. ಒಂದು ಗಬ್ಬದ ವ್ಯತ್ಯಾಸ! ಬಿಸಿಲು, ಬೆದೆ, ಕೈಗುಣ ಎಲ್ಲದರ ಮಧ್ಯೆ ಅದು ಯಾರ ಕಣ್ಣಿಗೆ ಬಿದ್ದೀತು? ಸತ್ತ ಪಿಂಡವೂ ಹೆಚ್ಚಿನ ಸಲ ಕಾಣಸಿಗುವುದಿಲ್ಲ, ಮೈಯಲ್ಲೇ ಕರಗುತ್ತದೆ.

2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ತಿರುವುಮುರುವಾಗಿ ಹುಡುಕಿದರು. ಕಾಯಿಲೆ ಬಿದ್ದ ಕರುವನ್ನು ಹುಡುಕದೆ, ಹುಟ್ಟದೇ ಹೋದವನ್ನು ಹುಡುಕಿದರು. ಬದುಕಿರುವ ಸಾವಿರಾರು ದನಗಳ ಡಿಎನ್‌ಎ ನೋಡಿದಾಗ, ವರ್ಣತಂತುವಿನ ಕೆಲವು ತುಣುಕುಗಳು ಒಂಟಿಯಾಗಿ ಬೇಕಾದಷ್ಟು ದನಗಳಲ್ಲಿವೆ, ಆದರೆ ಜೋಡಿಯಾಗಿ ಒಂದು ದನದಲ್ಲೂ ಇಲ್ಲ. ಜೋಡಿಯಾದವು ಹುಟ್ಟಿಯೇ ಇಲ್ಲ ಎಂದರ್ಥ. ಹಾಜರಿ ಪುಸ್ತಕದಲ್ಲಿ ಗೈರಾದವರನ್ನು ಎಣಿಸಿದ ಹಾಗೆ. ಹೋಲ್‌ಸ್ಟೀನ್‌ನಲ್ಲಿ ಸಿಕ್ಕಿದ ತುಣುಕುಗಳಿಗೆ ಎಚ್‌ಎಚ್1, ಎಚ್‌ಎಚ್2, ಎಚ್‌ಎಚ್3 ಎಂದು ಹೆಸರಿಟ್ಟರು (ಚೀಫ್‌ನದು ಎಚ್‌ಎಚ್1), ಜೆರ್ಸಿಯದಕ್ಕೆ ಜೆಎಚ್1. ಆ ಪಟ್ಟಿ ಆಮೇಲೆ ಬೆಳೆಯುತ್ತಲೇ ಇದೆ. ಅಮೆರಿಕದ ಜೆರ್ಸಿಗಳಲ್ಲಿ ಜೆಎಚ್1 ವಾಹಕಗಳು ಆಗ ನೂರಕ್ಕೆ ಸುಮಾರು 23 ಇದ್ದವು.

ನಮ್ಮ ಕಡೆಯ ಕ್ರಾಸ್ ದನಗಳಿಗೆ ಇದರಿಂದ ಒಂದು ಅನುಕೂಲದ ಮಾತು ಹೊರಡುತ್ತದೆ. ಜವಾರಿ ಆಕಳಿಗೆ ಎಚ್‌ಎಫ್ ಸೂಜಿ ಹಾಕಿದರೆ ಎಚ್‌ಎಫ್‌ನ ಈ ದೋಷಗಳಿಗೆ ಜೋಡಿ ಸಿಗುವುದಿಲ್ಲ. ಮೊದಲ ಕ್ರಾಸಿನ ಕರು ಸುರಕ್ಷಿತ. ಅದೇ ಕ್ರಾಸಿನ ಕಡಸಿಗೆ ಮತ್ತೆ ಎಚ್‌ಎಫ್, ಅದರ ಮಗಳಿಗೆ ಮತ್ತೆ ಎಚ್‌ಎಫ್ ಹಾಕುತ್ತಾ ಹೋದಂತೆ ಜೋಡಿ ಕೂಡುವ ದಾರಿ ತೆರೆಯುತ್ತದೆ. ಬಿಸಿಲಿಗೆ ಏದುಸಿರು ಬಿಡುವ ಆಕಳೂ ಜೊತೆಗೆ ಸಿಗುತ್ತದೆ.

ಪ್ರಶ್ನೆ: 30 ಜವಾರಿ ಆಕಳುಗಳಿವೆ, ಆರು ವರ್ಷದಿಂದ ಒಂದೇ ಹೋರಿ. ಸಾಧು, ಮೈಕಟ್ಟು ಚಲೋ. ಈಗ ಅದರ ಮಕ್ಕಳಾದ ಕಡಸುಗಳೂ ಅದಕ್ಕೇ ಬೆದೆ ಕೊಡುತ್ತಿವೆ. ಎರಡು ವರ್ಷದಿಂದ ಕರುಗಳ ಸಂಖ್ಯೆ ಇಳಿದಿದೆ. ಹೋರಿಗೆ ವಯಸ್ಸಾಯಿತೇ?
— ಕುಷ್ಟಗಿ ತಾಲ್ಲೂಕು

ಉತ್ತರ: ವಯಸ್ಸಿಗಿಂತ ಮೊದಲು ಎರಡು ಅನುಮಾನಗಳಿವೆ, ಎರಡೂ ಆ ಹೋರಿಯಲ್ಲೇ.

ಮೊದಲನೆಯದು ರಕ್ತ. ನಿಮ್ಮ ಹೋರಿಯಲ್ಲಿ ಅಡಗಿದ ದೋಷ ಒಂದೇ ಒಂದಿದೆ ಎಂದಿಟ್ಟುಕೊಳ್ಳಿ. ಅದರ ಎಂಟು ಕಡಸುಗಳಲ್ಲಿ ಸರಾಸರಿ ನಾಲ್ಕಕ್ಕೆ ಆ ದೋಷ ಇಳಿದಿರುತ್ತದೆ. ಆ ನಾಲ್ಕನ್ನು ತಂದೆಯೇ ಹತ್ತಿದರೆ ನಾಲ್ಕರಲ್ಲಿ ಒಂದು ಪಿಂಡ ಹೋಗುತ್ತದೆ. ಎಂಟು ಗಬ್ಬಕ್ಕೆ ಒಂದು ನಷ್ಟ, ಒಂದೇ ದೋಷಕ್ಕೆ. ಯಾವ ದನದಲ್ಲೂ ಅಡಗಿದ ದೋಷ ಒಂದೇ ಇರುವುದಿಲ್ಲ, ಹಲವು ಇರುತ್ತವೆ. ಜವಾರಿ ತಳಿಯಾದ ಮಾತ್ರಕ್ಕೆ ವಿನಾಯಿತಿ ಇಲ್ಲ. ಹೋರಿ ಮಾರಿ ಅದರ ಮಗನನ್ನೇ ಉಳಿಸಿಕೊಂಡರೆ ಅಣ್ಣ-ತಂಗಿ ಕೂಡಿದ ಹಾಗೆ: ಎಂಟರಲ್ಲಿ ಒಂದರ ಬದಲು ಹದಿನಾರರಲ್ಲಿ ಒಂದು. ಕಡಿಮೆಯಾಯಿತು, ಹೋಗಲಿಲ್ಲ. ತಳಿ ಲೆಕ್ಕದವರು ಇದನ್ನೇ ಒಳಸಂಬಂಧದ ಪ್ರಮಾಣ ಎಂದು ಬರೆಯುತ್ತಾರೆ. ತಂದೆ-ಮಗಳ ಕರುವಿಗೆ 25%, ಒಂದೇ ತಂದೆಯ ಮಕ್ಕಳು ಕೂಡಿದರೆ 12.5%, ಅಜ್ಜ-ಮೊಮ್ಮಗಳಿಗೂ 12.5%. 6.25% ದಾಟಿದ ಜೋಡಿ ಬೇಡ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ.

ಎರಡನೆಯದು ಸೋಂಕು. ಟ್ರೈಕೊಮೊನಾಸ್, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಹೋರಿಯ ಶಿಶ್ನದ ಚೀಲದ ಮಡಿಕೆಗಳಲ್ಲಿ ಮನೆ ಮಾಡುತ್ತವೆ. ವಯಸ್ಸಾದಂತೆ ಮಡಿಕೆ ಆಳವಾಗುತ್ತದೆ, ನಾಲ್ಕು ವರ್ಷ ದಾಟಿದ ಹೋರಿಯಲ್ಲಿ ಅವು ಬಿಡದೆ ಉಳಿದುಬಿಡುತ್ತವೆ. ಹೋರಿಗೆ ಏನೂ ಆಗುವುದಿಲ್ಲ. ಹತ್ತಿದ ಆಕಳ ಪಿಂಡ ಎಳೆಯದರಲ್ಲೇ ಹೋಗುತ್ತದೆ, ಬೆದೆ ಹಿಂದುಮುಂದಾಗುತ್ತದೆ. ಹೊರಗಿನಿಂದ ನೋಡಲು ವಂಶದೋಷಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣದು. ಒಂದು ಸುಳಿವು ಇದೆ: ಬರೀ ಅದರ ಮಕ್ಕಳಾದ ಕಡಸುಗಳಲ್ಲಿ ನಷ್ಟವಾಗುತ್ತಿದ್ದರೆ ರಕ್ತದ ಕಡೆ ವಾಲಿ, ಹೊರಗಿನಿಂದ ಕೊಂಡು ತಂದ ಆಕಳುಗಳೂ ತಿರುಗುತ್ತಿದ್ದರೆ ಸೋಂಕಿನ ಕಡೆ. ಪಶುವೈದ್ಯರಿಂದ ಚೀಲ ತೊಳೆದ ನೀರಿನ ಪರೀಕ್ಷೆ ಮಾಡಿಸಿ, ಜೊತೆಗೆ ಬ್ರುಸೆಲ್ಲಾಕ್ಕೆ (ಗಬ್ಬ ಇಳಿಸುವ ಇನ್ನೊಂದು ರೋಗಾಣು) ರಕ್ತ ಪರೀಕ್ಷೆ.

ಹೋರಿ ಬಿಟ್ಟ ದಿನದಿಂದ ಒಂಬತ್ತು ತಿಂಗಳಿಗೆ ಕರು, ಆ ಕರು ಬೆದೆಗೆ ಬರಲು ಜವಾರಿಯಲ್ಲಿ ಎರಡು–ಎರಡೂವರೆ ವರ್ಷ. ಆದ್ದರಿಂದ ಮೂರು ವರ್ಷ ತುಂಬುವ ಮೊದಲು ಹೋರಿ ಬದಲಾಗಲೇಬೇಕು. ನಿಮ್ಮದು ಆರಾಯಿತು. ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದರೆ ಸಂಬಂಧವಿಲ್ಲದ ದೂರದ ಊರಿನ ಹಿಂಡಿನೊಂದಿಗೆ ಅದಲುಬದಲು ಮಾಡಿಕೊಳ್ಳಿ; ಅಲ್ಲಿ ಅದು ಹೊಸ ರಕ್ತ. ಬರುವ ಹೋರಿಯನ್ನೂ ಪರೀಕ್ಷೆ ಮಾಡಿಸಿಯೇ ಹಿಂಡಿಗೆ ಬಿಡಿ. ಜೊತೆಗೆ ಮೇಯುವ ಗಂಡು ಕರುಗಳಿಗೆ ಒಂದು ವರ್ಷದ ಸುಮಾರಿಗೇ ಬೀಜ ಒಡೆಸಿಬಿಡಿ. ದೊಡ್ಡ ಹೋರಿಯನ್ನು ಕಟ್ಟಿ ಕಾಯುವವರೂ ಹುಲ್ಲುಗಾವಲಲ್ಲಿ ಚಿಕ್ಕ ಹೋರಿಗರುಗಳ ಕಡೆ ನೋಡುವುದಿಲ್ಲ, ಅಕ್ಕನನ್ನು ಹತ್ತುವುದು ಅವೇ.

ಪ್ರಶ್ನೆ: ನಮ್ಮ ಎಚ್‌ಎಫ್ ಆಕಳು ದಿನ ತುಂಬುವ ಮೊದಲೇ ಸತ್ತ ಕರು ಹಾಕಿತು. ಕತ್ತು ಗಿಡ್ಡ, ಮುಂಗಾಲು ಎರಡೂ ಮಣಿಕಟ್ಟಿನಲ್ಲಿ ಸೊಟ್ಟ. ಗ್ರಹಣದ ದಿನ ಆಕಳನ್ನು ಹೊರಗೆ ಕಟ್ಟಿದ್ದೆವು, ಅದಕ್ಕೇ ಹೀಗೆ ಎನ್ನುತ್ತಾರೆ ಅತ್ತೆಯವರು.
— ಸಿರುಗುಪ್ಪ

ಉತ್ತರ: ಆ ಗ್ರಹಣದ ದಿನ ಜಿಲ್ಲೆಯಲ್ಲಿ ಗಬ್ಬದ ಆಕಳುಗಳು ಸಾವಿರಾರು ಇದ್ದವು, ಸೊಟ್ಟ ಕರು ನಿಮ್ಮಲ್ಲಿ ಹುಟ್ಟಿತು. ಅತ್ತೆಯವರಿಗೆ ಇಷ್ಟು ಹೇಳಿ, ಹೆಚ್ಚು ವಾದ ಬೇಡ.

ನೀವು ಬರೆದ ಲಕ್ಷಣ ಸಿವಿಎಂ ಎಂಬ ಬೆನ್ನೆಲುಬಿನ ವಂಶದೋಷಕ್ಕೆ ಹೊಂದುತ್ತದೆ: ಗಿಡ್ಡ ಕತ್ತು, ಎರಡೂ ಮುಂಗಾಲು ಒಂದೇ ರೀತಿ ಮಡಚಿರುವುದು. ಡೆನ್ಮಾರ್ಕ್‌ನಲ್ಲಿ ಮೊದಲು ಗುರುತಿಸಿದ್ದು. ಕಾರ್ಲಿನ್-ಎಂ ಐವನ್‌ಹೋ ಬೆಲ್ ಎಂಬ ಹೆಸರಾಂತ ಹೋಲ್‌ಸ್ಟೀನ್ ಹೋರಿಯಿಂದ ಹರಡಿತು. ಸಿವಿಎಂ ಜೋಡಿಯಾದ ಪಿಂಡಗಳಲ್ಲಿ ಹೆಚ್ಚಿನವು 260 ದಿನ ತುಂಬುವ ಮೊದಲೇ ಹೋಗುತ್ತವೆ. ಸೊಟ್ಟ ಕರುವಾಗಿ ಕಣ್ಣಿಗೆ ಬೀಳುವುದು ಅವುಗಳಲ್ಲಿ ಸ್ವಲ್ಪ ಮಾತ್ರ. ಆದರೆ ನೋಡಿದ ಮಾತ್ರಕ್ಕೆ ಇದೇ ಎಂದು ತೀರ್ಮಾನಿಸಬೇಡಿ. ಸೊಳ್ಳೆ, ಗುಂಗುರುಗಳಿಂದ ಹರಡುವ ಅಕಬಾನೆ ವೈರಸ್ ಕೂಡ ಕೀಲು ಬಿಗಿದ, ಸೊಟ್ಟ ಕರು ಹಾಕಿಸುತ್ತದೆ. ಅದಾದರೆ ಅದೇ ಕಾಲದಲ್ಲಿ ಸುತ್ತಲಿನ ನಾಲ್ಕಾರು ಮನೆಗಳಲ್ಲೂ ಹೀಗಾಗಿರುತ್ತದೆ, ಬೇರೆ ಬೇರೆ ಹೋರಿಯ ಕರುಗಳಿಗೆ.

ಮುಂದೆ ಹೀಗಾದರೆ ಹೂಳುವ ಮೊದಲು ಕರುವಿನ ಎರಡೂ ಪಕ್ಕದ ಫೋಟೋ, ಮುಂಗಾಲುಗಳ ಹತ್ತಿರದ ಫೋಟೋ ತೆಗೆಯಿರಿ. ಕಿವಿಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಶುದ್ಧ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟರೆ ಡಿಎನ್‌ಎ ಪರೀಕ್ಷೆಗೆ ಸಾಕು. ಫಾರ್ಮಾಲಿನ್‌ನಲ್ಲಿ ಹಾಕಿದರೆ ಡಿಎನ್‌ಎ ಹಾಳು. ಕೈಗವಸು ಇಲ್ಲದೆ ಕರುವನ್ನಾಗಲಿ, ಕಸವನ್ನಾಗಲಿ (ಮಾಸು) ಮುಟ್ಟಬೇಡಿ. ಐದು ತಿಂಗಳ ನಂತರ ಕಂದು ಹಾಕಿದ (ಗಬ್ಬ ಇಳಿದ) ಯಾವ ಆಕಳಲ್ಲೂ ಮೊದಲ ಅನುಮಾನ ಬ್ರುಸೆಲ್ಲೋಸಿಸ್, ಅದು ಮನುಷ್ಯರಿಗೂ ಅಂಟುತ್ತದೆ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, ಆಕಳ ರಕ್ತ ಪರೀಕ್ಷೆಗೆ ಕೊಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಜೀವಮಾನಕ್ಕೊಮ್ಮೆ ಹಾಕುವ ಬ್ರುಸೆಲ್ಲಾ ಲಸಿಕೆ ತಪ್ಪಿಸಬೇಡಿ.

ಹುಟ್ಟಿ ಸಾಯುವ ಬಗೆಯ ವಂಶದೋಷಗಳೂ ಇವೆ. ಸಿಟ್ರುಲಿನೀಮಿಯಾ ಇದ್ದ ಕರು ಹುಟ್ಟಿದಾಗ ಚೆನ್ನಾಗಿರುತ್ತದೆ, ಎರಡು-ಮೂರು ದಿನಕ್ಕೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ವಾರದೊಳಗೆ ಸಾಯುತ್ತದೆ. ಬಿಎಲ್‌ಎಡಿ ಇದ್ದರೆ ಬಿಳಿ ರಕ್ತಕಣಗಳು ರಕ್ತನಾಳ ಬಿಟ್ಟು ಸೋಂಕಿನ ಜಾಗಕ್ಕೆ ಹೋಗಲಾರವು; ಕರುವಿಗೆ ಮೇಲಿಂದ ಮೇಲೆ ಭೇದಿ, ಕೆಮ್ಮು, ಬಾಯಿ ಹುಣ್ಣು, ಎಷ್ಟು ಔಷಧ ಕೊಟ್ಟರೂ ಏಳುವುದಿಲ್ಲ.

ಪ್ರಶ್ನೆ: ನಮ್ಮ ಎಂಟು ಆಕಳುಗಳಿಗೂ ಈ ಪರೀಕ್ಷೆ ಮಾಡಿಸಬೇಕೇ? ರಕ್ತ ಎಷ್ಟು ಬೇಕು?
— ಮಾನ್ವಿ

ಉತ್ತರ: ಬೇಡ. ಎಂಟು ಆಕಳ ಪರೀಕ್ಷೆಗೆ ಹಾಕುವ ದುಡ್ಡು ಮೇವಿಗೆ ಹಾಕಿ. ಹೋರಿ ಶುದ್ಧವಿದ್ದರೆ ಆಕಳು ವಾಹಕವಾಗಿದ್ದರೂ ಆ ದೋಷದಿಂದ ಒಂದು ಪಿಂಡವೂ ಸಾಯುವುದಿಲ್ಲ. ಒಂದು ಹೋರಿಯ ಪರೀಕ್ಷೆ ಸಾವಿರ ಆಕಳ ಪರೀಕ್ಷೆಗೆ ಸಮ.

ನಮ್ಮ ದೇಶದ ವೀರ್ಯ ಕೇಂದ್ರಗಳ ನಿಯಮದಲ್ಲಿ ಹೋರಿ ಒಳಗೆ ಬರುವ ಮೊದಲು ವರ್ಣತಂತು ಎಣಿಸಬೇಕು (ದನಕ್ಕೆ 60), ಕ್ಷಯ, ಜೋನ್ಸ್, ಬ್ರುಸೆಲ್ಲಾ, ಟ್ರೈಕೊಮೊನಾಸ್, ಕ್ಯಾಂಪಿಲೋಬ್ಯಾಕ್ಟರ್ ಇಲ್ಲವೆಂದು ನೋಡಬೇಕು. ವಂಶದೋಷಗಳಲ್ಲಿ ಬಿಎಲ್‌ಎಡಿ, ಸಿಟ್ರುಲಿನೀಮಿಯಾ, ಡಂಪ್ಸ್, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 11ರ ಕೊರತೆ ಇವುಗಳ ಪರೀಕ್ಷೆ ಇದೆ. ಇವುಗಳಲ್ಲಿ ನೇರವಾಗಿ ಗಬ್ಬ ಕೆಡಿಸುವುದು ಡಂಪ್ಸ್. ಜೋಡಿಯಾದ ಪಿಂಡ ಸುಮಾರು 40ನೇ ದಿನಕ್ಕೆ ಸಾಯುತ್ತದೆ. ಆದ್ದರಿಂದ ಸ್ಟ್ರಾ ಮಾನ್ಯತೆ ಪಡೆದ ಕೇಂದ್ರದ್ದೋ ಅಲ್ಲವೋ ಎಂಬುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಬೈಕಿನ ಮೇಲೆ ಕಂಟೇನರ್ ಇಟ್ಟುಕೊಂಡು ‘ಫಾರಿನ್ ಸ್ಟ್ರಾ’ ಎಂದು ಮೈಮೇಲೆ ಅಚ್ಚಿಲ್ಲದ ಸ್ಟ್ರಾ ಮಾರುವವರನ್ನು ಬಾಗಿಲಿನಿಂದಲೇ ಕಳಿಸಿ.

ಹಿಂಡಿಗೆ ಸ್ವಂತ ಹೋರಿ ಇಟ್ಟಿದ್ದರೆ ಮಾತ್ರ ಪರೀಕ್ಷೆಗೆ ಅರ್ಥವಿದೆ. ಕತ್ತಿನ ರಕ್ತನಾಳದಿಂದ 5 ಮಿಲಿ ರಕ್ತ, ನೇರಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ. ತೆಗೆದ ಕೂಡಲೇ ನಳಿಕೆಯನ್ನು ಎಂಟ್ಹತ್ತು ಸಲ ಮೆಲ್ಲಗೆ ಮಗುಚಿ, ಕುಲುಕಬೇಡಿ. ಹೆಪ್ಪುಗಟ್ಟಿದರೆ ಕೆಲಸ ಕಷ್ಟ. ಐಸ್ ಪ್ಯಾಕ್ ಜೊತೆ ಕಳಿಸಿ. ರಕ್ತ ತೆಗೆಯಲು ಆಗದಿದ್ದರೆ ಬಾಲದ ಕುಚ್ಚಿನಿಂದ 30 ಕೂದಲು ಬೇರುಸಹಿತ ಕಿತ್ತು ಕಾಗದದ ಲಕೋಟೆಯಲ್ಲಿ ಹಾಕಿ. ಡಿಎನ್‌ಎ ಇರುವುದು ಬುಡದ ಬಿಳಿ ಗಂಟಿನಲ್ಲಿ. ಕತ್ತರಿಯಲ್ಲಿ ಕತ್ತರಿಸಿದ ಕೂದಲು ಕಸದ ಬುಟ್ಟಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವರಿ ಬೂಸ್ಟು ಬರುತ್ತದೆ. ಎಲ್ಲಿಗೆ ಕಳಿಸಬೇಕೆಂದು ತಾಲ್ಲೂಕು ಪಶು ಆಸ್ಪತ್ರೆಯ ಮೂಲಕವೇ ಕೇಳಿ. ಖಾಸಗಿಯಾಗಿ ಕಳಿಸಿದ ಮಾದರಿಗೆ ಆಕಳ ಗುರುತು, ಲಕ್ಷಣದ ವಿವರ ಇಲ್ಲದೆ ಬಂದ ಉತ್ತರ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಲಿಂಗ ನಿರ್ಧರಿತ ವೀರ್ಯದ ಕ್ಯಾಟಲಾಗಿನಲ್ಲಿ ಹೋರಿಯ ಹೆಸರಿನ ಮುಂದೆ ಟಿಎಲ್, ಟಿವಿ, ಎಚ್‌ಎಚ್1ಟಿ, ಸಿಡಿಎಫ್ ಎಂದೆಲ್ಲ ಇದೆ. ಏನವು?
— ಕಂಪ್ಲಿ

ಉತ್ತರ: ಹೋಲ್‌ಸ್ಟೀನ್ ಸಂಘದ ಗುರುತುಗಳು. ‘ಟಿ’ ಕಂಡರೆ ಪರೀಕ್ಷೆಯಾಗಿ ಶುದ್ಧ ಎಂದು ಬಂದಿದೆ ಎಂದರ್ಥ. ಟಿಎಲ್ ಎಂದರೆ ಬಿಎಲ್‌ಎಡಿ ಇಲ್ಲ, ಬಿಎಲ್ ಎಂದರೆ ವಾಹಕ. ಟಿವಿ ಎಂದರೆ ಸಿವಿಎಂ ಇಲ್ಲ, ಸಿವಿ ಎಂದರೆ ವಾಹಕ. ಟಿಡಿ ಎಂದರೆ ಡಂಪ್ಸ್ ಇಲ್ಲ, ಡಿಪಿ ವಾಹಕ. ಎಚ್‌ಎಚ್1ಟಿ ಶುದ್ಧ, ಎಚ್‌ಎಚ್1ಸಿ ವಾಹಕ; ಉಳಿದ ಎಚ್‌ಎಚ್‌ಗಳಿಗೂ ಇದೇ ರೀತಿ. ಸಿಡಿಎಫ್ ಎಂದರೆ ಕೊಲೆಸ್ಟರಾಲ್ ಕೊರತೆಯ ದೋಷವಿಲ್ಲ, ಸಿಡಿಸಿ ವಾಹಕ.

ಕೊನೆಯಲ್ಲಿ ‘ಸಿ’ ಕಂಡ ತಕ್ಷಣ ಹೋರಿಯನ್ನು ತಳ್ಳಿಹಾಕಬೇಡಿ. ನಿಮ್ಮ ಆಕಳ ತಂದೆ ಯಾರೆಂದು ಗೊತ್ತಿದ್ದು, ಅದು ಅದೇ ದೋಷದ ವಾಹಕ ಅಲ್ಲದಿದ್ದರೆ ಅಪಾಯ ಅಷ್ಟರಮಟ್ಟಿಗೆ ತಗ್ಗುತ್ತದೆ. ತಂದೆ ಯಾರೆಂದೇ ಗೊತ್ತಿಲ್ಲದಿದ್ದರೆ ‘ಟಿ’ ಇರುವ ಹೋರಿಯೇ ಕ್ಷೇಮ. ಇನ್ನೊಂದು ಮಾತು, ಲಿಂಗ ನಿರ್ಧರಿತ ಸ್ಟ್ರಾದಲ್ಲಿ ವೀರ್ಯಾಣುಗಳ ಸಂಖ್ಯೆ ಮಾಮೂಲಿ ಸ್ಟ್ರಾಗಿಂತ ಬಹಳ ಕಡಿಮೆ, ಹಾಗಾಗಿ ನಿಲ್ಲುವ ಪ್ರಮಾಣವೂ ಕಡಿಮೆ. ಅದನ್ನು ಜೀನ್ ತಲೆಗೆ ಕಟ್ಟಬೇಡಿ. ಮೂರು-ನಾಲ್ಕು ಸಲ ತಿರುಗಿದ ಆಕಳಿಗೆ ಈ ಸ್ಟ್ರಾ ದುಡ್ಡು ದಂಡ. ಚೆನ್ನಾಗಿ ಬೆಳೆದ ಕಡಸಿಗೆ ಹಾಕಿಸಿ.

ಪ್ರಶ್ನೆ: ಅವಳಿ ಹುಟ್ಟಿದ್ದವು, ಒಂದು ಹೋರಿಗರು, ಒಂದು ಹೆಣ್ಣು. ಹೆಣ್ಣಿಗೆ ಎರಡೂವರೆ ವರ್ಷವಾದರೂ ಬೆದೆ ಇಲ್ಲ. ಇದೂ ವಂಶದ ದೋಷವೇ?
— ಲಿಂಗಸುಗೂರು

ಉತ್ತರ: ಅಲ್ಲ. ಗರ್ಭದಲ್ಲಿ ಎರಡರ ಕಸದ ರಕ್ತನಾಳಗಳು ಕೂಡಿಕೊಂಡು, ಗಂಡಿನ ಕಡೆಯ ರಕ್ತ ಹೆಣ್ಣಿನ ಮೈಗೆ ಹರಿದು ಅದರ ಗರ್ಭಕೋಶ, ಅಂಡಾಶಯ ಬೆಳೆಯದೆ ನಿಂತಿರುತ್ತವೆ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬಂಜೆ. ಔಷಧವಿಲ್ಲ. ಎರಡೂವರೆ ವರ್ಷ ಸಾಕಬೇಕಿರಲಿಲ್ಲ: ಕರು ಒಂದು ತಿಂಗಳದಿದ್ದಾಗಲೇ ಪಶುವೈದ್ಯರು ನಯವಾದ ನಳಿಗೆಗೆ ಜಾರುವ ಜೆಲ್ ಹಚ್ಚಿ ಯೋನಿಯ ಉದ್ದ ಅಳೆಯುತ್ತಾರೆ. ಸಾಮಾನ್ಯ ಕರುವಿನಲ್ಲಿ 12–15 ಸೆಂ.ಮೀ. ಒಳಗೆ ಹೋಗುತ್ತದೆ, ಇಂಥದರಲ್ಲಿ 5–8ಕ್ಕೇ ನಿಲ್ಲುತ್ತದೆ. ನೀವೇ ಕಡ್ಡಿ ಹಾಕಿ ನೋಡಲು ಹೋಗಬೇಡಿ, ಹರಿಯುತ್ತದೆ. ತಾಯಿ ಆಕಳಿಗೆ ಏನೂ ತೊಂದರೆಯಿಲ್ಲ, ಜೊತೆಗೆ ಹುಟ್ಟಿದ ಹೋರಿಗರುವನ್ನು ಮಾತ್ರ ತಳಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ: ಆಕಳು ವಾಹಕ ಎಂದು ರಿಪೋರ್ಟ್ ಬಂದಿದೆ. 14 ಲೀಟರ್ ಹಾಲು. ಮಾರಲೇ?
— ಕೊಪ್ಪಳ

ಉತ್ತರ: ಇಟ್ಟುಕೊಳ್ಳಿ. ಆ ದೋಷವಿಲ್ಲದ ಹೋರಿಯ ಸೂಜಿ ಮಾಡಿಸಿ, ಇಲ್ಲವೇ ಎಚ್‌ಎಫ್ ಆಕಳಾದರೆ ಜೆರ್ಸಿ ಹೋರಿಯದು. ಹುಟ್ಟುವ ಕರುಗಳಲ್ಲಿ ಅರ್ಧ ವಾಹಕವಾಗಬಹುದು, ಸಾಯುವುದಿಲ್ಲ. ಹೆಣ್ಣು ಕರುವಿನ ಕಿವಿಯೋಲೆ ನಂಬರಿನ ಮುಂದೆ ನಿಮ್ಮ ಪುಸ್ತಕದಲ್ಲಿ ‘ತಾಯಿ ವಾಹಕ’ ಎಂದು ಬರೆದಿಡಿ. ಗಂಡು ಕರುವನ್ನು ಮಾತ್ರ ಯಾರು ಎಷ್ಟೇ ಕೇಳಿದರೂ ಬೀಜದ ಹೋರಿಗೆಂದು ಕೊಡಬೇಡಿ.

ಪ್ರಶ್ನೆ: ಮುರ್ರಾ ಎಮ್ಮೆಗಳಲ್ಲೂ ಇಂಥ ದೋಷ ನೋಡಬೇಕೇ? ನಮ್ಮೆಮ್ಮೆ ಮಾರ್ಚಿಯಿಂದ ಬೆದೆಗೇ ಬಂದಿಲ್ಲ.
— ಸಂಡೂರು

ಉತ್ತರ: ಎಚ್‌ಎಫ್, ಜೆರ್ಸಿಯ ಪಟ್ಟಿ ಎಮ್ಮೆಗೆ ಹೊಂದುವುದಿಲ್ಲ, ಮುರ್ರಾ ಕೋಣದಲ್ಲಿ ವರ್ಣತಂತು 50 ಸರಿಯಿದೆಯೇ ಎಂದು ವೀರ್ಯ ಕೇಂದ್ರದಲ್ಲೇ ನೋಡಿರುತ್ತಾರೆ. ನಿಮ್ಮೆಮ್ಮೆಗೆ ಬಂದಿರುವುದು ಬೇಸಿಗೆ. ಮಾರ್ಚಿಯಿಂದ ಜೂನ್‌ವರೆಗೆ ಎಮ್ಮೆಯ ಬೆದೆ ಕೂಗಿಲ್ಲದೆ, ನಡುರಾತ್ರಿ ಬಂದು ಹೋಗುತ್ತದೆ. ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು ಹಾಕಿ, ಕೆರೆ ಇದ್ದರೆ ಹೊರಳಲು ಬಿಡಿ, ಮೇವನ್ನು ನಸುಕಿಗೂ ಇಳಿಹೊತ್ತಿಗೂ ಹಾಕಿ. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಬಾಲ ಎತ್ತಿ ನೋಡಿ. ಮಳೆ ಬಿದ್ದು ತಿಂಗಳಾದರೂ ಬೆದೆ ಕಾಣದಿದ್ದರೆ ಅಂಡಾಶಯದ ಪರೀಕ್ಷೆ ಮಾಡಿಸಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ವಾಹನ ಬರುತ್ತದೆ.